ವಿಡಿಯೊ ಪ್ರೊಜೆಕ್ಟರ್ ಪರದೆಯಲ್ಲೇ ತೆರೆಯಬೇಕು, ಏನು ಮಾಡೋದು?

ಪ್ರಶ್ನೆ:
ಸರ್, ಕಾರ್ಯಕ್ರಮಗಳಲ್ಲಿ ಲ್ಯಾಪ್‌ಟಾಪ್‌ನಿಂದ ವಿಡಿಯೊ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಂಡೋಸ್ 11, ಎಚ್‌ಡಿಎಂಐ ಕೇಬಲ್‌ನಲ್ಲಿ ಪ್ರೊಜೆಕ್ಟರ್. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಮ್ಮೆ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತೆ, ಇನ್ನೊಮ್ಮೆ ದೊಡ್ಡ ಪರದೆಯಲ್ಲಿ. ತಪ್ಪಿದಾಗ ಮೌಸ್ ಹಿಡಿದು ಅದನ್ನು ಆ ಕಡೆಗೆ ಎಳೆಯೋದನ್ನು ಇಡೀ ಸಭೆ ನೋಡುತ್ತೆ. ಎರಡೂ ಪರದೆಯಲ್ಲಿ ಒಂದೇ ಚಿತ್ರ ತೋರಿಸುವ ಡೂಪ್ಲಿಕೇಟ್ ಇಟ್ಟರೆ ಈ ಪಾಡಿಲ್ಲ, ಆದರೆ ನನ್ನ ಫೋಲ್ಡರ್‌ಗಳು, ಬರುವ ಸಂದೇಶಗಳು ಎಲ್ಲವೂ ಬಯಲಾಗುತ್ತೆ. ಪ್ರೊಜೆಕ್ಟರ್‌ನಲ್ಲೇ ತೆರಿ ಅಂತ ಪ್ಲೇಯರ್‌ಗೆ ಖಾಯಂ ಹೇಳಿಡಬಹುದಾ?

ಉತ್ತರ (ಆಡಿಯೊ-ವಿಡಿಯೊ ತಂತ್ರಜ್ಞ):
ಹೇಳಿಡಬಹುದು. ಮೊದಲು ಅದು ಯಾಕೆ ಹಾಗೆ ಮನಸ್ಸು ಬದಲಾಯಿಸುತ್ತೆ ಅಂತ ನೋಡೋಣ. ಎಕ್ಸ್‌ಟೆಂಡ್ ಮಾಡಿದಾಗ ವಿಂಡೋಸ್ ಎರಡು ಪರದೆಗಳನ್ನೂ ಸೇರಿಸಿ ಒಂದೇ ಅಗಲವಾದ ಜಾಗ ಅಂತ ಲೆಕ್ಕ ಹಾಕುತ್ತೆ. ಲ್ಯಾಪ್‌ಟಾಪ್ 1920 ಪಿಕ್ಸೆಲ್ ಅಗಲ ಇದ್ದು ಪ್ರೊಜೆಕ್ಟರ್ ಅದರ ಬಲಕ್ಕಿದ್ದರೆ, ಪ್ರೊಜೆಕ್ಟರ್ ಶುರುವಾಗೋದೇ 1920ನೇ ಪಿಕ್ಸೆಲ್‌ನಿಂದ. ಬಹುಪಾಲು ಪ್ಲೇಯರ್‌ಗಳು ಕಳೆದ ಸಲ ಮುಚ್ಚಿದಾಗ ತಮ್ಮ ವಿಂಡೋ ಎಲ್ಲಿತ್ತೋ ಆ ಜಾಗವನ್ನು ನೆನಪಿಟ್ಟುಕೊಂಡು ಅಲ್ಲೇ ತೆರೆಯುತ್ತವೆ. ಫುಲ್‌ಸ್ಕ್ರೀನ್ ಒತ್ತಿದರೆ, ವಿಂಡೋ ಯಾವ ಪರದೆಯಲ್ಲಿದೆಯೋ ಅದನ್ನೇ ತುಂಬಿಕೊಳ್ಳುತ್ತವೆ. ನೀವು ಮನೆಯಲ್ಲಿ ಲ್ಯಾಪ್‌ಟಾಪ್‌ನಲ್ಲಿ ನೋಡಿ ಮುಚ್ಚಿದ್ದರೆ ಮುಂದಿನ ಕಾರ್ಯಕ್ರಮದಲ್ಲೂ ಅಲ್ಲೇ ತೆರೆಯುತ್ತೆ, ಅಷ್ಟೆ.

ಈಗ ಕೆಲಸ. ವಿಂಡೋಸ್ ಕೀ ಜೊತೆ ಪಿ ಒತ್ತಿ ಎಕ್ಸ್‌ಟೆಂಡ್ ಆರಿಸಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಐಡೆಂಟಿಫೈ ಒತ್ತಿದರೆ ಎರಡೂ ಪರದೆಯಲ್ಲಿ ಅಂಕಿ ಮೂಡುತ್ತೆ. ಲ್ಯಾಪ್‌ಟಾಪ್ ಪರದೆಯೇ ಮೇನ್ ಡಿಸ್‌ಪ್ಲೇ ಆಗಿರಲಿ. ಕೆಲವರು ಉಲ್ಟಾ ಮಾಡಿ ಪ್ರೊಜೆಕ್ಟರನ್ನೇ ಮೇನ್ ಮಾಡುತ್ತಾರೆ. ಹಾಗೆ ಮಾಡಿದರೆ ಹೊಸ ವಿಡಿಯೊ ಅಲ್ಲಿ ತೆರೆಯಬಹುದು ನಿಜ, ಆದರೆ ನೋಟಿಫಿಕೇಶನ್‌ಗಳೂ ಅದರ ಹಿಂದೆಯೇ ಹೋಗುತ್ತವೆ. ನನಗೆ ಆ ದಾರಿ ಸೇರಲ್ಲ.

ಮುಂದಿನದು ಪ್ಲೇಯರ್ ಒಳಗಿನ ಕೆಲಸ. ನಿಮ್ಮ ಪ್ಲೇಯರ್ ವಿಎಲ್‌ಸಿ ಆಗಿದ್ದರೆ ಟೂಲ್ಸ್, ಪ್ರಿಫರೆನ್ಸಸ್, ಅಲ್ಲಿ ವಿಡಿಯೊ ಟ್ಯಾಬ್. ‘ಫುಲ್‌ಸ್ಕ್ರೀನ್ ವಿಡಿಯೊ ಡಿವೈಸ್’ ಅಂತ ಒಂದು ಪಟ್ಟಿ ಇರುತ್ತೆ. ಅದು ಆಟೊಮ್ಯಾಟಿಕ್‌ನಲ್ಲಿ ಕೂತಿರುತ್ತೆ, ಪ್ರೊಜೆಕ್ಟರ್‌ಗೆ ಬದಲಾಯಿಸಿ. ಅದೇ ಟ್ಯಾಬ್‌ನಲ್ಲಿ ಫುಲ್‌ಸ್ಕ್ರೀನ್ ಅನ್ನೋ ಚೌಕಕ್ಕೂ ಗುರುತು ಹಾಕಿ ಸೇವ್ ಮಾಡಿ, ಪ್ಲೇಯರ್ ಮುಚ್ಚಿ ಮತ್ತೆ ತೆರೆಯಿರಿ. ಇಷ್ಟಾದ ಮೇಲೆ ವಿಂಡೋ ಲ್ಯಾಪ್‌ಟಾಪ್‌ನಲ್ಲೇ ಇದ್ದರೂ ಚಿತ್ರ ಮಾತ್ರ ದೊಡ್ಡ ಪರದೆಗೆ ಹೋಗುತ್ತೆ.

ಪ್ಲೇಯರ್ ಎಂಪಿಸಿ-ಎಚ್‌ಸಿ ಆದರೆ ಆಪ್ಷನ್ಸ್‌ನಲ್ಲಿ ಫುಲ್‌ಸ್ಕ್ರೀನ್ ಪುಟಕ್ಕೆ ಹೋಗಿ ಮಾನಿಟರ್ ಆರಿಸಿ.

ಮರುಪ್ರಶ್ನೆ:
ಧನ್ಯವಾದ ಸರ್, ಕೆಲಸ ಮಾಡಿತು. ಆದರೆ ವಿಡಿಯೊ ಶುರುವಾಗುವಾಗ ಫೈಲ್ ಹೆಸರು ಪರದೆ ಮೇಲೆ ಬರುತ್ತೆ. ಮುಗಿದ ತಕ್ಷಣ ಡೆಸ್ಕ್‌ಟಾಪ್ ಚಿತ್ರ ಕಾಣುತ್ತೆ, ಅದು ಇನ್ನೂ ಮುಜುಗರ.

ಉತ್ತರ:
ಹೆಸರು ತೆಗೆಯೋಕೆ ವಿಎಲ್‌ಸಿಯ ಪ್ರಿಫರೆನ್ಸಸ್‌ನ ಸಬ್‌ಟೈಟಲ್ಸ್ ಟ್ಯಾಬ್‌ನಲ್ಲಿ ‘ಶೋ ಮೀಡಿಯಾ ಟೈಟಲ್’ ಗುರುತು ತೆಗೆಯಿರಿ. ಇಂಟರ್‌ಫೇಸ್ ಟ್ಯಾಬ್‌ನಲ್ಲಿ ಕೊನೆಯ ಫ್ರೇಮ್‌ನಲ್ಲಿ ನಿಲ್ಲಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಂಡರೆ ವಿಡಿಯೊ ಮುಗಿದರೂ ಪರದೆ ಖಾಲಿಯಾಗಲ್ಲ.

ಡೆಸ್ಕ್‌ಟಾಪ್ ವಿಷಯಕ್ಕೆ ಇನ್ನೂ ಗಟ್ಟಿಯಾದ ಉಪಾಯ ಇದೆ. ನಾನು ಮೊದಲು ನೋಡೋದೇ ಇದನ್ನು. ಪ್ರೊಜೆಕ್ಟರ್‌ನಲ್ಲಿ ಏನೂ ಓಡದೇ ಇದ್ದಾಗ ಪೂರ್ತಿ ಕಪ್ಪು ಕಾಣಬೇಕು. ಸಾದಾ ಕಪ್ಪು ಚಿತ್ರವೊಂದನ್ನು ಮಾಡಿಟ್ಟುಕೊಳ್ಳಿ. ಪರ್ಸನಲೈಸೇಶನ್‌ನ ಬ್ಯಾಕ್‌ಗ್ರೌಂಡ್ ಪುಟದಲ್ಲಿ ಆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಯಾವ ಮಾನಿಟರ್‌ಗೆ ಅಂತ ಕೇಳುತ್ತೆ. ಪ್ರೊಜೆಕ್ಟರ್‌ನದಕ್ಕೆ ಮಾತ್ರ ಹಾಕಿ. ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ ಎಲ್ಲ ಪರದೆಯಲ್ಲೂ ಟಾಸ್ಕ್‌ಬಾರ್ ತೋರಿಸುವ ಆಯ್ಕೆ ತೆಗೆಯಿರಿ. ಆಮೇಲೆ ಪ್ಲೇಯರ್ ನಿಂತರೂ, ಮುಚ್ಚಿಹೋದರೂ ಸಭೆಗೆ ಕಾಣೋದು ಕತ್ತಲು. ಯಾರಿಗೂ ಅನುಮಾನ ಬರಲ್ಲ.

ಇನ್ನೊಂದು, ಡು ನಾಟ್ ಡಿಸ್ಟರ್ಬ್ ನೀವೇ ಕೈಯಾರೆ ಆನ್ ಮಾಡಿ. ಡೂಪ್ಲಿಕೇಟ್ ಮಾಡಿದಾಗ ಅದು ತಾನಾಗೇ ಆನ್ ಆಗುವಂತೆ ವಿಂಡೋಸ್‌ನಲ್ಲಿ ಆಯ್ಕೆ ಇದೆ. ನೀವು ಈಗ ಎಕ್ಸ್‌ಟೆಂಡ್‌ನಲ್ಲಿದ್ದೀರಿ, ಅದನ್ನು ನಂಬಿ ಕೂರಬೇಡಿ.

ಇನ್ನೊಬ್ಬ ಸದಸ್ಯರು:
ನಾನು ಶಾರ್ಟ್‌ಕಟ್ ಮಾಡಿಟ್ಟುಕೊಂಡು ಓಡಿಸೋದು. ಎಂಪಿಸಿ-ಎಚ್‌ಸಿಯಲ್ಲಿ ಮಾನಿಟರ್ 2 ಅಂತ ಕೊಟ್ಟರೆ ಸರಿಯಾಗಿ ಪ್ರೊಜೆಕ್ಟರ್‌ಗೆ ಹೋಗುತ್ತೆ. ಎಂಪಿವಿ ಅನ್ನೋ ಇನ್ನೊಂದು ಪ್ಲೇಯರ್‌ನಲ್ಲಿ ಅದೇ 2 ಕೊಟ್ಟರೆ ಹೋಗಲ್ಲ. ಯಾಕೆ?

ಉತ್ತರ:
ಎಣಿಕೆ ಬೇರೆ. ಎಂಪಿಸಿ-ಎಚ್‌ಸಿ 1ರಿಂದ ಎಣಿಸುತ್ತೆ, ಎಂಪಿವಿ 0ಯಿಂದ. ಹಾಗಾಗಿ ಎರಡನೇ ಪರದೆ ಎಂಪಿವಿಗೆ 1. ಎಂಪಿವಿಯಲ್ಲಿ ವಿಂಡೋಗೆ ಒಂದು, ಫುಲ್‌ಸ್ಕ್ರೀನ್‌ಗೆ ಇನ್ನೊಂದು ಅಂತ ಎರಡು ಆಯ್ಕೆಗಳಿವೆ. ನಿಮಗೆ ಬೇಕಾದ್ದು ಫುಲ್‌ಸ್ಕ್ರೀನಿನದು. ವಿಂಡೋಸ್ ಐಡೆಂಟಿಫೈನಲ್ಲಿ ತೋರಿಸುವ ಅಂಕಿಗೂ ಪ್ಲೇಯರ್‌ನ ಎಣಿಕೆಗೂ ತಾಳೆ ಆಗಲೇಬೇಕು ಅಂತೇನಿಲ್ಲ. ಅಂಕಿ ನಂಬಬೇಡಿ, ಒಂದು ಚಿಕ್ಕ ವಿಡಿಯೊ ಓಡಿಸಿ ಕಣ್ಣಾರೆ ನೋಡಿ.

ಕ್ರಮವೂ ಮುಖ್ಯ. ಮೊದಲು ಪ್ರೊಜೆಕ್ಟರ್ ಆನ್, ಆಮೇಲೆ ಕೇಬಲ್, ಕೊನೆಗೆ ಪ್ಲೇಯರ್. ಪ್ಲೇಯರ್ ತೆರೆದಾಗ ಎರಡನೇ ಪರದೆಯೇ ಇಲ್ಲದಿದ್ದರೆ ನೀವು ಬರೆದಿಟ್ಟ ಅಂಕಿಗೆ ಅರ್ಥವಿಲ್ಲ.

ಮತ್ತೊಬ್ಬರು:
ನನ್ನದು ಮ್ಯಾಕ್. ಒಂದು ಕಡೆ ಫುಲ್‌ಸ್ಕ್ರೀನ್ ಮಾಡಿದರೆ ಇನ್ನೊಂದು ಕಪ್ಪಾಗುತ್ತೆ. ನನ್ನ ಸ್ನೇಹಿತರದು ಲಿನಕ್ಸ್, ಅವರಿಗಂತೂ ಪ್ಲೇಯರ್ ಮಾತೇ ಕೇಳಲ್ಲ.

ಉತ್ತರ:
ಮ್ಯಾಕ್‌ನಲ್ಲಿ ಮಿಷನ್ ಕಂಟ್ರೋಲ್ ಸೆಟ್ಟಿಂಗ್‌ಗೆ ಹೋಗಿ ‘ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್’ ಆನ್ ಮಾಡಿ, ಲಾಗೌಟ್ ಆಗಿ ಮತ್ತೆ ಬನ್ನಿ. ಲಾಗೌಟ್ ಆಗದೆ ಅದು ಜಾರಿಗೆ ಬರಲ್ಲ.

ಲಿನಕ್ಸ್‌ನಲ್ಲಿ ವೇಲ್ಯಾಂಡ್ (ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆ) ಇದ್ದರೆ, ತನ್ನ ವಿಂಡೋ ಎಲ್ಲಿರಬೇಕು ಅಂತ ಪ್ಲೇಯರ್ ತಾನೇ ತೀರ್ಮಾನ ಮಾಡುವ ಹಾಗಿಲ್ಲ, ಆ ಅಧಿಕಾರ ಡೆಸ್ಕ್‌ಟಾಪಿನದು. ಯಾವ ಪರದೆಯಲ್ಲಿ ಫುಲ್‌ಸ್ಕ್ರೀನ್ ಆಗಬೇಕು ಅಂತ ಕೇಳಿಕೊಳ್ಳಬಹುದು, ಅಷ್ಟೆ. ಕೆಡಿಇ ಅನ್ನೋ ಡೆಸ್ಕ್‌ಟಾಪ್ ಬಳಸುತ್ತಿದ್ದರೆ ವಿಂಡೋ ರೂಲ್ಸ್‌ನಲ್ಲಿ ಆ ಪ್ಲೇಯರ್‌ಗೆ ಪರದೆ ಗೊತ್ತುಮಾಡಿಡಿ.

ಪ್ರಶ್ನೆ ಕೇಳಿದವರು:
ಕೊನೆಯದೊಂದು ಸರ್. ಕಾರ್ಯಕ್ರಮದ ಮಧ್ಯೆ ಕೈಕೊಟ್ಟರೆ ಥಟ್ಟನೆ ಏನು ಮಾಡಲಿ? ಒಂದು ಸಲ ಚಿತ್ರ ಸರಿಯಾಗಿ ಹೋಗಿ, ದನಿ ಮಾತ್ರ ಲ್ಯಾಪ್‌ಟಾಪ್‌ನಲ್ಲೇ ಬಂತು.

ಉತ್ತರ:
ವಿಂಡೋಸ್ ಕೀ, ಶಿಫ್ಟ್, ಎಡ ಅಥವಾ ಬಲ ಬಾಣ, ಮೂರನ್ನೂ ಒಟ್ಟಿಗೆ ಒತ್ತಿ. ಮುಂದಿರುವ ವಿಂಡೋ ಪಕ್ಕದ ಪರದೆಗೆ ಹಾರುತ್ತೆ, ಮೌಸ್ ಮುಟ್ಟೋದೇ ಬೇಡ. ಅದಕ್ಕೂ ಮೊದಲು ಫುಲ್‌ಸ್ಕ್ರೀನ್‌ನಿಂದ ಹೊರಗೆ ಬನ್ನಿ.

ದನಿಗೆ ಇಷ್ಟು ಹೊತ್ತು ಹೇಳಿದ ಯಾವುದೂ ಅನ್ವಯಿಸಲ್ಲ, ಅದರ ದಾರಿಯೇ ಬೇರೆ. ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತಿನಲ್ಲಿ ಔಟ್‌ಪುಟ್ ನೋಡಿ. ವಿಎಲ್‌ಸಿಯಲ್ಲಾದರೆ ಆಡಿಯೊ ಮೆನುವಿನ ಆಡಿಯೊ ಡಿವೈಸ್‌ನಲ್ಲೂ ಬದಲಾಯಿಸಬಹುದು. ಸಭಾಂಗಣದ ಸ್ಪೀಕರ್‌ಗಳಿಗೆ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ವೈರ್ ಹೋಗಿದ್ದರೆ ಎಚ್‌ಡಿಎಂಐ ಆರಿಸಬೇಡಿ, ದನಿ ಪ್ರೊಜೆಕ್ಟರ್‌ಗೆ ಹೋಗಿ ಅಲ್ಲೇ ಉಳಿದುಬಿಡುತ್ತೆ.