ಪದಚರ್ಚೆ: ರಿವರ್ಸ್ ಲೈಟಿಗೆ ಕನ್ನಡದಲ್ಲಿ ಏನು? (ನಾಳೆ ಸಂಜೆಯೊಳಗೆ ಬೇಕು)

ಕಾಸರಗೋಡಿನಿಂದ

ಮಾನ್ಯರೇ,

ಕಾರನ್ನು ಹಿಂದಕ್ಕೆ ತೆಗೆಯುವಾಗ ಮಾತ್ರ ಉರಿಯುವ ಬಿಳಿಯ ದೀಪಕ್ಕೆ ಒಂದು ಪದ ಬೇಕಾಗಿದೆ. ಲ್ಯಾಮಿನೇಟ್ ಮಾಡುವ ಅಂಗಡಿ ನಾಳೆ ಸಂಜೆ ಐದಕ್ಕೆ ಮುಚ್ಚುತ್ತದೆ.

ಬದಿಯಡ್ಕದ ದಾರಿಯಲ್ಲಿ ನನ್ನ ತಮ್ಮನ ಮಗನ ಗ್ಯಾರೇಜು ಇದೆ. ಅಲ್ಲಿಗೆ ಬರುವುದೆಲ್ಲ ಮಾರುತಿ 800, ಅಂಬಾಸಿಡರ್‌ನಂಥ ಹಳೆಯ ಗಾಡಿಗಳು. ಕೆಲಸ ಕಲಿಯಲು ಬರುವ ಹುಡುಗರಿಬ್ಬರೂ ಕನ್ನಡ ಮಾಧ್ಯಮದವರು. ಪದೇ ಪದೇ ಕಾಣುವ ದೋಷಗಳನ್ನು ಪತ್ತೆ ಮಾಡುವ ಬಗೆಯನ್ನು ಒಂದೊಂದು ಹಾಳೆಯಲ್ಲಿ ಬರೆಸಿ ಗೋಡೆಗೆ ಹಾಕಬೇಕೆಂಬುದು ಅವನ ಯೋಚನೆ. ಮಲಯಾಳದ ಹಾಳೆ ಅರ್ಧ ಗಂಟೆಯಲ್ಲಿ ಮುಗಿಯಿತು. ಅವರು ‘ರಿವರ್ಸ್ ಲೈಟ್’ ಎಂದು ಬರೆದು ಚಹಾ ಕುಡಿಯಲು ಹೋದರು. ಕನ್ನಡದ್ದು ನನ್ನ ಪಾಲಿಗೆ ಬಂತು, ನಿವೃತ್ತ ಮಾಷ್ಟ್ರು ಎಂಬ ಒಂದೇ ಅಪರಾಧಕ್ಕೆ.

ನಾನು ಮೊದಲು ‘ಹಿಂದಿನ ದೀಪ ಉರಿಯದಿದ್ದರೆ’ ಎಂದು ಬರೆದೆ. ಕೆಟ್ಟದ್ದು ಎಡಬದಿಯ ಬಿಳಿ ದೀಪ. ಹುಡುಗ ನನ್ನ ಹಾಳೆಯನ್ನು ಓದಿ, ಬಹಳ ಶ್ರದ್ಧೆಯಿಂದ ಕೆಂಪು ದೀಪದ ಬಲ್ಬನ್ನು ತೆಗೆದು ಹೊಸದು ಹಾಕಿದ. ತಪ್ಪು ಅವನದಲ್ಲ. ಹಿಂದೆ ಇರುವುದಕ್ಕೂ ಹಿಂದಕ್ಕೆ ಹೋಗುವುದಕ್ಕೂ ನಮಗಿರುವುದು ಒಂದೇ ‘ಹಿಂ’. ಸಾಲದ್ದಕ್ಕೆ, ‘ಹಿಂದಿನ ದೀಪ’ ಎಂದರೆ ಮೊದಲಿದ್ದ ದೀಪ ಎಂದೂ ಆಗುತ್ತದೆ.

ಒಕ್ಕಣೆ ಹೀಗಿದೆ, ಗೆರೆಯಿರುವಲ್ಲಿ ನಿಮ್ಮ ಪದ:

“ಹ್ಯಾಂಡ್‌ಬ್ರೇಕ್ ಎಳೆ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ರಿವರ್ಸ್ ಗೇರ್ ಹಾಕಿ, ಇಳಿದು ಹೋಗಿ ನೋಡು. ಎರಡು ——— ಇರುವ ಗಾಡಿಯಲ್ಲಿ ಒಂದು ಉರಿಯುತ್ತಿದ್ದರೆ ಫ್ಯೂಸನ್ನೂ ಸ್ವಿಚ್ಚನ್ನೂ ಮುಟ್ಟಬೇಡ. ದೋಷ ಸಾಮಾನ್ಯವಾಗಿ ಉರಿಯದ ಬದಿಯ ಬಲ್ಬಿನಲ್ಲಿ, ಹೋಲ್ಡರಿನಲ್ಲಿ ಅಥವಾ ಅರ್ಥ್‌ನಲ್ಲಿರುತ್ತದೆ. ಎರಡೂ ಉರಿಯದಿದ್ದರೆ ಮೊದಲು ಫ್ಯೂಸ್ ನೋಡು. ಅದು ಸರಿಯಿದ್ದರೆ ಗೇರ್‌ಬಾಕ್ಸಿನಲ್ಲಿರುವ ——— ಸ್ವಿಚ್ಚಿನ ಎರಡು ವಯರುಗಳನ್ನು ಕಳಚಿ, ತುಂಡು ವಯರಿನಿಂದ ಒಂದಕ್ಕೊಂದು ಜೋಡಿಸು. ಆಗ ಉರಿದರೆ ಸ್ವಿಚ್ಚೇ ಕೆಟ್ಟಿದೆ. ಆಗಲೂ ಉರಿಯದಿದ್ದರೆ ವಯರಿನ ದಾರಿ ಹಿಡಿದು ಹುಡುಕು. ಸ್ವಿಚ್ಚನ್ನು ತಿರುಗಿಸಿ ತೆಗೆಯುವಾಗ ಗೇರ್ ಎಣ್ಣೆ ಸೋರೀತು, ಕೆಳಗೆ ಡಬ್ಬಿ ಇಡು, ವಾಷರನ್ನು ಮರೆಯಬೇಡ.”

ಕರೆಂಟು ಬ್ಯಾಟರಿಗೆ ಮರಳುವ ದಾರಿಯಾದ ಈ ‘ಅರ್ಥ್’ಗೂ ಏನಾದರೂ ಸೂಚಿಸಿ. ‘ಅರ್ಥ್ ಸರಿಯಿಲ್ಲ’ ಎಂಬುದನ್ನು ಒಬ್ಬ ಹುಡುಗ ‘ಅರ್ಥ ಸರಿಯಿಲ್ಲ’ ಎಂದು ಓದಿ ನನ್ನ ಮುಖ ನೋಡಿದ.

ಮೈಸೂರಿನಿಂದ

‘ಹಿಮ್ಮುಖ ಚಲನಾ ದೀಪ’. ಅರ್ಥ್‌ಗೆ ‘ಭೂಸಂಪರ್ಕ’. ಇವೆರಡರಲ್ಲಿ ಚರ್ಚೆಗೆ ಏನಿದೆಯೋ ತಿಳಿಯಲಿಲ್ಲ.

ಧಾರವಾಡದಿಂದ

ಚರ್ಚೆಗೆ ಇದೆ. ‘ಹಿಮ್ಮುಖ’ ಅರಿಸಮಾಸ, ಕೂಡಬಾರದ ಎರಡು ಭಾಷೆಗಳ ಜೋಡಿ. ‘ಹಿಂ’ ಕನ್ನಡ, ‘ಮುಖ’ ಸಂಸ್ಕೃತ. ವ್ಯಾಕರಣಕಾರ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿಯೇ ಬೇಡವೆಂದದ್ದನ್ನು ಇಪ್ಪತ್ತೊಂದರಲ್ಲಿ ಗೋಡೆಗೆ ತೂಗುಹಾಕುವುದು ಬೇಡ. ಪತ್ರಿಕೆಗಳು ಬಳಸುತ್ತವೆ ಎಂಬ ವಾದ ನನ್ನ ಮುಂದೆ ನಡೆಯುವುದಿಲ್ಲ. ‘ಹಿಂಸರಿ’ ಎಂಬ ಒಳ್ಳೆಯ ಕ್ರಿಯಾಪದವೇ ಇದೆ. ‘ಹಿಂಸರಿಬೆಳಕು’ ಎನ್ನಿ.

ಕುಂಬಳೆಯಿಂದ

ಹಿಂಸರಿಬೆಳಕು ಎಂದು ಬರೆದರೆ ಹುಡುಗರ ಕಣ್ಣಿಗೆ ಮೊದಲು ಬೀಳುವುದು ‘ಹಿಂಸೆ’. ಅದೂ ಇರಲಿ, ಆ ಸಮಾಸದಲ್ಲಿ ಹಿಂದೆ ಸರಿಯುತ್ತಿರುವುದು ಬೆಳಕು, ಕಾರಲ್ಲ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನಾಗಿ ಇನ್ನೊಂದನ್ನು ಕೇಳುತ್ತೇನೆ. ಯಕ್ಷಗಾನದ ‘ಹಿಮ್ಮೇಳ’ದ ಗತಿಯೇನು? ಅದೂ ಅರಿಸಮಾಸವಾದರೆ ಇಂದು ರಾತ್ರಿಯ ಆಟಕ್ಕೆ ಭಾಗವತರೊಬ್ಬರೇ ಸಾಕೇ, ಚೆಂಡೆ ಮದ್ದಳೆಯವರಿಗೆ ರಜೆ ಕೊಡೋಣವೇ?

ಧಾರವಾಡದಿಂದ

ಮೇಳ ತದ್ಭವ. ತದ್ಭವ ಕನ್ನಡದೊಡನೆ ಕೂಡಿದರೆ ಅರಿದೋಷವಿಲ್ಲ. ಮತ್ತೆ, ಭಾಗವತರೂ ಹಿಮ್ಮೇಳದವರೇ. ಚೆಂಡೆ ನಡೆಯಲಿ.

ಬೆಂಗಳೂರಿನಿಂದ

ಎಲ್ಲರೂ ‘ಹಿಂ’ ಎಂಬಲ್ಲಿಗೇ ನಿಂತಿದ್ದೀರಿ. ಅದು ಹಳಗನ್ನಡದಲ್ಲಿ ‘ಪಿಂ’. ಪಿಂತೆ, ಪಿಂದೆ ಎಂದೇ ಪಂಪನ ಕಾಲದವರು ಬರೆದರು. ಆಮೇಲೆ ಪಕಾರ ಸವೆದು ಹಕಾರವಾಯಿತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ. ತಮಿಳಿನಲ್ಲಿ, ಮಲಯಾಳದಲ್ಲಿ ‘ಪಿನ್’ ಇಂದಿಗೂ ಉಳಿದಿದೆ. ಕಾಸರಗೋಡಿನವರ ಕಿವಿಗೆ ದಿನವೂ ಬೀಳುವ ಪಕಾರವಿದು. ಹಾಗಿರುವಾಗ ‘ಪಿಂಬೆಳಗು’ ಎಂಬ ಪದವನ್ನು ಅಲ್ಲಿಂದಲೇ ಚಾಲ್ತಿಗೆ ತರಬಹುದು. ಕೆಂಪು ದೀಪಕ್ಕೆ ‘ಹಿಂಬೆಳಕು’, ಬಿಳಿಯದಕ್ಕೆ ‘ಪಿಂಬೆಳಗು’. ಗೊಂದಲವೂ ಪರಿಹಾರವಾಯಿತು. ಗಡಿನಾಡಿನವರೇ ಇಂಗ್ಲಿಷಿನ ಗುಲಾಮಗಿರಿಗೆ ಇಳಿದರೆ ಕನ್ನಡ ಉಳಿಸುವ ಜವಾಬ್ದಾರಿ ಯಾರದು? ನನ್ನ ತಕರಾರು ಇಷ್ಟೇ.

ಪೆರ್ಲದಿಂದ

ಪಿನ್ ಇರುವುದು ಬಲ್ಬಿನಲ್ಲಿ. ಮೊದಲು ಅದನ್ನು ನೋಡೋಣ.

ನಾನು ಇಪ್ಪತ್ತು ವರ್ಷ ಗಾಡಿಗಳ ವಯರಿಂಗ್ ಕೆಲಸ ಮಾಡಿದವನು. ಹಳೆಯ ಕಾರುಗಳ ಬಿಳಿ ದೀಪಕ್ಕೆ ಸಾಮಾನ್ಯವಾಗಿ 12 ವೋಲ್ಟಿನ, 21 ವ್ಯಾಟಿನ ಒಂಟಿ ತಂತುವಿನ ಬಲ್ಬು. ಅದರ ಎರಡೂ ಪಿನ್ನುಗಳು ಒಂದೇ ಎತ್ತರದಲ್ಲಿರುತ್ತವೆ. ಬ್ರೇಕಿಗೂ ರಾತ್ರಿಯ ಕೆಂಪಿಗೂ ಒಂದೇ ಬಲ್ಬು ಇದ್ದರೆ ಅದು 21 ಮತ್ತು 5 ವ್ಯಾಟಿನ ಎರಡು ತಂತುಗಳದ್ದು, ಪಿನ್ನುಗಳು ಏರುತಗ್ಗು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋದ ಹುಡುಗರು ಹೋಲ್ಡರ್ ಮುರಿದದ್ದನ್ನು ಕಂಡಿದ್ದೇನೆ. ಹಿಂಬೆಳಕು, ಪಿಂಬೆಳಗು ಎಂದು ಎರಡೇ ಅಕ್ಷರದ ಅಂತರದಲ್ಲಿ ಬರೆದರೆ ಅದೇ ಆಗುತ್ತದೆ.

‘ಭೂಸಂಪರ್ಕ’ ಬೇಡವೇ ಬೇಡ. ಕಾರು ನಿಂತಿರುವುದು ನಾಲ್ಕು ರಬ್ಬರ್ ಟಯರಿನ ಮೇಲೆ. ಭೂಮಿಗೂ ಅದಕ್ಕೂ ಏನು ಸಂಪರ್ಕ? ದೀಪದಿಂದ ಹೊರಟ ಕರೆಂಟು ಗಾಡಿಯ ತಗಡಿನ ಮೂಲಕ ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುತ್ತದೆ, ಅಷ್ಟೇ. ನಾವು ‘ಬಾಡಿ ಸಿಗುತ್ತಿಲ್ಲ’ ಎನ್ನುತ್ತೇವೆ. ಮನೆಯ ವಯರಿಂಗಿನ ಪದವನ್ನು ತಂದು ಇಲ್ಲಿ ಅಂಟಿಸಿದರೆ, ಬುದ್ಧಿವಂತ ಹುಡುಗನಾದರೆ ವಯರನ್ನು ಮಣ್ಣಿಗೆ ಚುಚ್ಚಿಯಾನು. ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಮೊದಲು ಕೆಡುವುದೇ ಈ ಬಾಡಿ. ಸ್ಕ್ರೂ ಬಿಚ್ಚಿ ತುಕ್ಕು ಕೆರೆದು ಬಿಗಿದರೆ ಅರ್ಧ ದೂರುಗಳು ಮುಗಿಯುತ್ತವೆ.

ಪದದ ಬಗ್ಗೆ ನನಗೆ ತೋಚುವುದು ಬೇರೆ. ಬಸ್ಸು ಹಿಂದಕ್ಕೆ ಬರುವಾಗ ಹಿಂದೆ ನಿಂತವನು ಏನನ್ನುತ್ತಾನೆ? ಮಲಯಾಳದಲ್ಲಿ ‘ಪೋರಟ್ಟೆ, ಪೋರಟ್ಟೆ’, ಕನ್ನಡದಲ್ಲಿ ‘ಬರಲಿ, ಬರಲಿ’. ಯಾರೂ ‘ಹೋಗಲಿ’ ಎನ್ನುವುದಿಲ್ಲ. ಚಾಲಕನಿಗೆ ಅದು ಹಿಂದಕ್ಕೆ ಹೋಗುವುದು, ಹಿಂದಿರುವವನಿಗೆ ತನ್ನ ಕಡೆ ಬರುವುದು. ದೀಪ ಇರುವುದು ಅವನಿಗಾಗಿಯೂ ತಾನೆ? ಪದವೂ ಆ ಕಡೆಯಿಂದ ನೋಡಲಿ.

ಮೈಸೂರಿನಿಂದ

ಹಾಗಾದರೆ ‘ಬರಲಿದೀಪ’ವೇ? ನಗೆಪಾಟಲು.

ಮಂಜೇಶ್ವರದಿಂದ

ಬೆಂಗಳೂರಿನವರಿಗೆ: ಗುಲಾಮ ಅರಬ್ಬೀ, ಗಿರಿ ಪಾರಸಿ, ಜವಾಬ್ದಾರಿ ಅರಬ್ಬೀ ಪಾರಸಿ ಎರಡೂ, ತಕರಾರು ಅರಬ್ಬೀ. ಎರಡು ವಾಕ್ಯಗಳಲ್ಲಿ ಇಷ್ಟು ಸಾಲ ಮಾಡಿ, ಒಂದು ‘ಲೈಟಿ’ಗೆ ನಮ್ಮನ್ನು ಜಪ್ತಿ ಮಾಡಲು ಬಂದಿದ್ದೀರಿ. (ಜಪ್ತಿಯೂ ಅರಬ್ಬೀಯೇ.)

ಇನ್ನು ಗಡಿನಾಡಿನ ಮಾತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಂದಿನಿಂದ ಅರ್ಜಿ ನಮೂನೆ ಕನ್ನಡದಲ್ಲಿ ಕೊಡಿ, ಫಲಕದಲ್ಲಿ ಕನ್ನಡ ಬರೆಯಿರಿ, ಬೇಡಡ್ಕವನ್ನು ಬೇಡಗಂ ಮಾಡಬೇಡಿ ಎಂದು ಕಚೇರಿಗಳಿಗೆ ಅಲೆದಿದ್ದೇವೆ. ನಮ್ಮ ಜಗಳ ಲಿಪಿಗಾಗಿ, ಶಾಲೆಗಾಗಿ, ಊರ ಹೆಸರಿಗಾಗಿ. ಗ್ಯಾರೇಜಿನ ಹುಡುಗ ಕನ್ನಡ ಅಕ್ಷರದಲ್ಲಿ ‘ರಿವರ್ಸ್ ಲೈಟ್’ ಎಂದು ಓದಿದರೆ ನನಗೆ ಅದು ಗೆಲುವು. ‘ಪಿಂಬೆಳಗು’ ಎಂದು ಬರೆದರೆ ಅವನು ಪಕ್ಕದ ಮಲಯಾಳದ ಹಾಳೆಯನ್ನು ಓದುತ್ತಾನೆ. ಬೆಂಗಳೂರಿನಲ್ಲಿ ಕುಳಿತವರಿಗೆ ಈ ಭಯ ಇರುವುದಿಲ್ಲ, ಅಲ್ಲಿ ಪಕ್ಕದ ಗೋಡೆಯಲ್ಲಿ ಇನ್ನೊಂದು ಹಾಳೆ ಕಾಯುತ್ತಿಲ್ಲ.

ಬೆಂಗಳೂರಿನಿಂದ

ಅಲ್ಲಿಯೂ ಕಾಯುತ್ತಿದೆ. ನೀವು ಬಂದು ನೋಡಿಲ್ಲ.

ಕಾಸರಗೋಡಿನಿಂದ

ಎಲ್ಲರಿಗೂ ವಂದನೆಗಳು. ಗಂಟೆ ನಾಲ್ಕೂವರೆಯಾದ ಕಾರಣ ನಾನೇ ತೀರ್ಮಾನಿಸಿದೆ. ಹಾಳೆಯ ತಲೆಯಲ್ಲಿ ‘ರಿವರ್ಸ್ ಲೈಟ್’, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಾರು ಹಿಂದಕ್ಕೆ ಬರುವಾಗ ಉರಿಯುವ ಬಿಳಿ ದೀಪ’. ‘ಬರುವಾಗ’ ಎಂಬುದು ಪೆರ್ಲದವರ ಕೊಡುಗೆ. ‘ಉರಿಯುವ ದೀಪ’ ಗಮಕಸಮಾಸ, ಅಲ್ಲಿ ಅರಿದೋಷವಿಲ್ಲ. ಇದನ್ನು ಧಾರವಾಡದವರ ಗಮನಕ್ಕೆ ಮೊದಲೇ ತರುತ್ತೇನೆ. ಕೆಂಪಿಗೆ ‘ಹಿಂಬದಿ ದೀಪ’. ಅರ್ಥ್ ಈಗ ‘ಬಾಡಿ ಅರ್ಥ್’, ಇನ್ನು ಯಾರೂ ನನ್ನ ಮುಖ ನೋಡಲಾರರು.

ಎಡಬದಿಯ ದೀಪದ ವಿಷಯ: ಕರಡನ್ನು ಹುಡುಗನ ಕೈಗೆ ಕೊಟ್ಟೆ. ಈ ಬಾರಿ ನೇರವಾಗಿ ಬಿಳಿಯದಕ್ಕೆ ಕೈಹಾಕಿದ. ಬಲ್ಬು ಸರಿಯಾಗಿಯೇ ಇತ್ತು. ಹೋಲ್ಡರಿನ ಒಳಗೆ ಹಸಿರು ಕಿಲುಬು. ಕೆರೆದು ಹಾಕಿದ, ಉರಿಯಿತು.

ಧಾರವಾಡದಿಂದ

ಗಮಕಸಮಾಸದ ಮಾತು ಒಪ್ಪಿದೆ. ಆದರೆ ‘ಹಿಂಬದಿ ದೀಪ’? ಹಿಂಬದಿಯವರೆಗೆ ಸರಿ, ‘ದೀಪ’ ಸೇರಿದೊಡನೆ ಅರಿಸಮಾಸ. ‘ಹಿಂಬದಿ ಸೊಡರು’ ಎಂದು ತಿದ್ದಿ.

ಕಾಸರಗೋಡಿನಿಂದ

ಲ್ಯಾಮಿನೇಟ್ ಆಗಿದೆ.