ಸಂಡಾಸದ ಹಳೇ ಲೈನ್ ನಾವೇ ಬದಲಿಸಬಹುದಾ? ಮಾಡಿದವರು ಹೇಳಿ

ಹಳೇ ಹುಬ್ಬಳ್ಳಿಯಲ್ಲಿ ಅಜ್ಜನ ಕಾಲದ ಮನೆ. ಸಂಡಾಸದಿಂದ ಮುಂದಿನ ಚೇಂಬರ್‌ವರೆಗೆ 30 ಅಡಿ ಚೀನಿ ಮಣ್ಣಿನ ಪೈಪ್. ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತೆ. ಗೌಂಡಿ ಹೇಳಿದ ರೇಟ್ ಕೇಳಿ ಗಾಬರಿಯಾಯಿತು. ನಾನು, ತಮ್ಮ ಇಬ್ಬರೇ ಮಾಡಿದರೆ ನಡೆಯುತ್ತಾ?

ಕೇಶ್ವಾಪುರದಿಂದ:
ನಡೆಯುತ್ತೆ ಅಣ್ಣಾ. ನಾನೂ ಅಳಿಯನೂ ಹೋದ ವರ್ಷ ದೀಪಾವಳಿ ಮುಗಿಸಿ ಕೈಹಾಕಿದೆವು, ಮೂರು ದಿನ ಹಿಡಿಯಿತು. ಬೇಸಿಗೆಯಲ್ಲಿ ಎರೆ ಮಣ್ಣು ಕಲ್ಲಾಗಿರುತ್ತೆ, ಮಳೆಯಲ್ಲಿ ಸಲಿಕೆ ಬಿಡೋದಿಲ್ಲ. ದೀಪಾವಳಿ ಮುಗಿದ ಹೊತ್ತೇ ಸರಿ.

ಅಗೆದರೆ ಬೆನ್ನು ನೋಯುತ್ತೆ, ಅಷ್ಟೇ. ಕೆಲಸ ಕೆಡೋದು ವಾಟದಲ್ಲಿ. 4 ಇಂಚಿನ ಪೈಪಿಗೆ 10 ಅಡಿಗೆ 3 ಇಂಚು ಇಳಿಜಾರು ಇದ್ದರೆ ಚೆನ್ನ. ನಿಮ್ಮ 30 ಅಡಿಗೆ 9 ಇಂಚು. ಪೈಪ್ ಹೊರಬೀಳುವ ಜಾಗ, ಚೇಂಬರಿನ ಬಾಯಿ, ಎರಡನ್ನೂ ನೀರಿನ ಟ್ಯೂಬ್ (ನೀರು ತುಂಬಿದ ಪಾರದರ್ಶಕ ನಳಿಗೆ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ) ಹಿಡಿದು ಮೊದಲೇ ಅಳೆಯಿರಿ. ಆಮೇಲೆ ಗುದ್ದಲಿ.

ನಮ್ಮದು ಯಾಕೆ ಕಟ್ಟುತ್ತಿತ್ತು ಅಂತ ಅಗೆದಾಗ ಗೊತ್ತಾಯಿತು. ಎರಡು ಅಡಿಯ ತುಂಡುಗಳು, ಪ್ರತಿ ಜೋಡಣೆಗೂ ಸಿಮೆಂಟ್. ಎರೆ ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಸಿಮೆಂಟ್ ಬಗ್ಗೋದಿಲ್ಲ, ಒಡೆಯುತ್ತೆ. ಆ ಸೀಳಿನೊಳಗೆ ಹಿತ್ತಲಿನ ಕರಿಬೇವು ಬೇರು ಬಿಟ್ಟಿತ್ತು. ಹಿಡಿದು ಎಳೆದರೆ ಜಡೆಯಷ್ಟು ದಪ್ಪ, ಮೊಳದುದ್ದದ ಗೊಂಚಲು ಬಂತು. ಅದರ ತುಂಬ ಕೂದಲು, ಶಾಂಪೂ ಪಾಕೀಟು. ಅಳಿಯ ಎರಡು ದಿನ ಸಾರು ಮುಟ್ಟಲಿಲ್ಲ.

ಅದಕ್ಕೇ ಅಂಟು ಹಚ್ಚುವ ಪೈಪ್ ಬಿಟ್ಟು ರಬ್ಬರ್ ರಿಂಗಿನ 110 ಎಂಎಂ ಪೈಪ್ ತಂದೆ. ಮಣ್ಣು ಅಲ್ಲಾಡಿದರೂ ಜೋಡಣೆ ಸ್ವಲ್ಪ ಆಡಿಕೊಳ್ಳುತ್ತೆ. ಮಳೆನೀರಿನ ತೆಳ್ಳನೆಯ ಪೈಪ್ ಸಸ್ತಾ ಅಂತ ತರಬೇಡಿ. ರಿಂಗಿಗೆ ಸಾಬೂನು ನೀರು ಹಚ್ಚಿ, ಗ್ರೀಸ್ ಬೇಡ, ರಬ್ಬರ್ ಕೆಡುತ್ತೆ. ಪೂರ್ತಿ ಒಳಗೆ ತಳ್ಳಿ, ಗೆರೆ ಎಳೆದು, 10 ಎಂಎಂ ಹಿಂದಕ್ಕೆ ತೆಗೆಯಿರಿ. ಬಿಸಿನೀರಿಗೆ ಪೈಪ್ ಹಿಗ್ಗಿದರೆ ಜಾಗ ಬೇಕಲ್ವಾ? ಕೆಳಗೆ 4 ಇಂಚು ಉಸುಕು, ಸುತ್ತಲೂ ಉಸುಕು. ಅಗೆದ ಎರೆಯನ್ನೇ ಪೈಪಿಗೆ ಮೆತ್ತಬೇಡಿ.

ಧಾರವಾಡ ಮಾಳಮಡ್ಡಿಯಿಂದ:
ಮುಚ್ಚುವ ಮೊದಲು ಕೆಳಗಿನ ಬಾಯಿ ಕಟ್ಟಿ, ನೀರು ತುಂಬಿ, ಅರ್ಧ ತಾಸು ಬಿಟ್ಟು ನೋಡಿ. ನಾನು ಅವಸರ ಮಾಡಿ ಮುಚ್ಚಿ, ಮೇಲೆ ಫರಸಿನೂ ಹಾಕಿಸಿದೆ. ತಿಂಗಳಲ್ಲಿ ವಾಸನೆ. ಮತ್ತೆ ಅಗೆದೆ. ಒಂದು ರಿಂಗ್ ಮಡಚಿಕೊಂಡು ಕೂತಿತ್ತು, ಅಷ್ಟೇ! ತಿರುವಿದ್ದರೆ ಕಾಟಕೋನದ ಒಂದು ಬೆಂಡ್ ಹಾಕಬೇಡಿ, 45 ಡಿಗ್ರಿಯ ಎರಡು ಹಾಕಿ. ಇನ್ನೊಂದು, ಆ ಮೂರು ದಿನ ಮನೆಯವರು ಎಲ್ಲಿ ಹೋಗಬೇಕು ಅಂತ ಮೊದಲೇ ಠರಾಯಿಸಿ. ನಮ್ಮ ಪಕ್ಕದ ಮನೆಗೆ ಇವತ್ತಿಗೂ ಹೋಳಿಗೆ ಕಳಿಸುತ್ತಿದ್ದೇವೆ.

ಗದಗಿನಿಂದ:
ನಳದ ಪೈಪ್ ಎಲ್ಲಿದೆ ನೋಡಿಕೊಂಡು ಅಗೆಯಿರಿ ರೀ. ನಮ್ಮ ಕಡೆ ನಳ ದಿನಾ ಬರೋದಿಲ್ಲ. ಖಾಲಿ ಇದ್ದಾಗ ಪೈಪಿನ ಸಣ್ಣ ಬಿರುಕಿನಿಂದಲೂ ಹೊರಗಿನ ಕೊಳೆ ಒಳಗೆ ಹೋಗುತ್ತೆ. ಎರಡನ್ನೂ ದೂರ ಇಡಿ, ನಳದ್ದು ಮೇಲಿರಲಿ. ರಸ್ತೆ ಅಗೆಯೋದಿದ್ದರೆ ಪಾಲಿಕೆಯ ಪರವಾನಗಿ ಬೇಕು. ಗಟಾರದ ಆಳ ಚೇಂಬರಿಗೆ ನೀವೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಒಳಗಿನ ಗಾಳಿ ಒಂದೇ ಉಸಿರಿಗೆ ಕೆಡವುತ್ತೆ. ರಕ್ಷಣೆ ಇಲ್ಲದೆ ಇಳಿಸೋದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ.

ಕೇಳಿದವರು:
ಸಂಜೆ ಟ್ಯೂಬ್ ಹಿಡಿದೆವು. 7 ಇಂಚೇ ಸಿಗುತ್ತೆ. ಬಿಟ್ಟುಬಿಡಲಾ?

ಕೇಶ್ವಾಪುರದಿಂದ:
6ರವರೆಗೂ ನಡೆಯುತ್ತೆ. ಆದರೆ ನಡುವೆ ಎಲ್ಲೂ ಹೊಟ್ಟೆ ಬೀಳಬಾರದು. ಪ್ರತಿ ಪೈಪ್ ಕೂರಿಸಿದಾಗಲೂ ದಾರ ಹಿಡಿದು ನೋಡಿ. ಶನಿವಾರ ಶುರು ಮಾಡೋದಾದರೆ ಹೇಳಿ, ನಮ್ಮ ಟ್ಯೂಬ್, ಹಾರೆ ಎರಡೂ ಸುಮ್ನೆ ಬಿದ್ದಿವೆ.