ರಜೆಗೆ ಅಜ್ಜಿ ಊರಿಗೆ ಹೋಗುವ ಮಗಳಿಗೆ ಹೊರಗಡೆ ಆಡೋ ವಿಜ್ಞಾನದ ಆಟಿಕೆ ಯಾವುದು ಕೊಡಿಸಲಿ?

ಕುವೆಂಪುನಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಪರೀಕ್ಷೆ ಮುಗಿದ ಮಾರನೇ ದಿನವೇ ಪಾಂಡವಪುರದ ಹತ್ತಿರ ನಮ್ಮಮ್ಮನ ಮನೆಗೆ ಹೋಗುತ್ತಾಳೆ. ಒಂದೂವರೆ ತಿಂಗಳು ಅಲ್ಲೇ. ಹಿತ್ತಲಿದೆ, ಕೊಟ್ಟಿಗೆ ಇದೆ, ಮನೆ ಹಿಂದೆಯೇ ಕಬ್ಬಿನ ಗದ್ದೆ. ಇಷ್ಟೆಲ್ಲ ಇದ್ದೂ ಹೋದ ವರ್ಷ ಅವಳು ನೋಡಿದ್ದು ಅವಳ ಮಾವನ ಫೋನು ಮಾತ್ರ.

ಈ ಸಲ ಕೈಯಲ್ಲಿ ಏನಾದರೂ ಕೊಟ್ಟು ಕಳಿಸೋಣ ಅಂತ ಇದ್ದೇನೆ. ಆದರೆ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹುಟ್ಟುಹಬ್ಬಕ್ಕೆ ಆನ್‌ಲೈನಲ್ಲಿ ಒಂದು ಮೈಕ್ರೋಸ್ಕೋಪ್ ಕಿಟ್ ತರಿಸಿದ್ದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1200 ಪಟ್ಟು ಅಂತ ಇತ್ತು. ಈರುಳ್ಳಿ ಪೊರೆ ಇಟ್ಟು ಅರ್ಧ ಗಂಟೆ ತಿರುಗಿಸಿದೆವು. ಕೊನೆಗೆ ಕಂಡಿದ್ದು ನನ್ನದೇ ಕಣ್ಣರೆಪ್ಪೆಯ ಕೂದಲು! ಎರಡನೇ ದಿನ ಬಲ್ಬು ಹೋಯಿತು. ಈಗ ಅದು ಗೊಂಬೆ ಮನೆ ಮುಂದೆ ಲೈಟುಕಂಬ.

ಎರಡು ಸಾವಿರದ ಒಳಗೆ ಏನು ಕೊಡಿಸಬಹುದು? ಹುಳ ಹಿಡಿಯೋ ಡಬ್ಬಿ, ಬೈನಾಕ್ಯುಲರ್, ಬಲೆ, ಹೀಗೆ ಏನೇನೋ ತೋರಿಸ್ತಾ ಇದೆ. ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಹುಳ ಹಿಡಿಯೋಕೆ ದುಡ್ಡು ಕೊಡ್ತಾರೇನೇ? ನನ್ನ ಕರಿಬೇವಿನ ಗಿಡ ಪೂರ್ತಿ ಹುಳ ತಿಂದು ಹಾಕಿದೆ, ಬಂದು ಎಷ್ಟು ಬೇಕೋ ತಗೊಂಡು ಹೋಗು" ಅಂದರು.

ಲಿಂಗಾಂಬುಧಿ ವಾಕರ್:

ಮೇಡಂ, ನನ್ನ ಓಟು ಬೈನಾಕ್ಯುಲರ್‌ಗೆ. ಆದರೆ ಜಾತ್ರೆಯಲ್ಲಿ ಮಾರೋ ಥರದ್ದು ಬೇಡ. ಅದರಲ್ಲಿ ಒಂದು ಕೊಕ್ಕರೆ ಎರಡಾಗಿ ಕಾಣುತ್ತೆ, ಮಗುವಿಗೆ ತಲೆನೋವು ಬರುತ್ತೆ, ಅಷ್ಟೇ.

ಅದರ ಮೇಲೆ 8x21, 8x42 ಅಂತ ಬರೆದಿರುತ್ತಾರೆ. ಮೊದಲನೇದು ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅನ್ನೋದು. ಎರಡನೇದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಗಾಜು ಅಗಲ ಇದ್ದಷ್ಟೂ ಬೆಳಕು ಜಾಸ್ತಿ, ಭಾರವೂ ಜಾಸ್ತಿ. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಕವೂ ದೊಡ್ಡದಾಗಿ ಕಾಣುತ್ತೆ. ಹಾಗಾಗಿ ಮಕ್ಕಳಿಗೆ 6 ಅಥವಾ 8 ಸಾಕು. 20 ಪಟ್ಟು ಅಂತ ಬರೆದಿದ್ದರೆ ಮುಟ್ಟಲೇಬೇಡಿ. ಇನ್ನೊಂದು ವಿಷಯ ಯಾರೂ ಹೇಳಲ್ಲ. ಮಕ್ಕಳ ಎರಡು ಕಣ್ಣಿನ ನಡುವೆ ಅಂತರ ಕಡಿಮೆ. ಎಷ್ಟು ಮಡಿಸಿದರೂ ಅವರ ಕಣ್ಣಿಗೆ ಕೂರದ ಬೈನಾಕ್ಯುಲರ್‌ಗಳಿವೆ. ಅಂಗಡಿಗೆ ಅವಳನ್ನೇ ಕರ್ಕೊಂಡು ಹೋಗಿ, ಎದುರಿನ ಬೋರ್ಡು ಓದಿಸಿ.

ಎರಡು ಸಾವಿರಕ್ಕೆ ಒಳ್ಳೇದು ಸಿಗೋದು ಕಷ್ಟ, ನಿಜ. ಸಿಗದಿದ್ದರೆ ಆ ದುಡ್ಡಲ್ಲಿ ಸುಮ್ನೆ ರಂಗನತಿಟ್ಟಿಗೆ ಕರ್ಕೊಂಡು ಹೋಗಿ, ಪಾಂಡವಪುರಕ್ಕೆ ಹತ್ತಿರವೇ. ಸಲೀಂ ಅಲಿ ಅವರು ಹೇಳಿದ್ದಕ್ಕೆ ಮೈಸೂರು ಮಹಾರಾಜರು 1940ರಲ್ಲೇ ಅದನ್ನು ಪಕ್ಷಿಧಾಮ ಮಾಡಿದ್ದು. ದೋಣಿಯಲ್ಲಿ ಕೂತರೆ ಗೂಡುಗಳು ಎಷ್ಟು ಹತ್ತಿರ ಅಂದ್ರೆ ಬೈನಾಕ್ಯುಲರೇ ಬೇಡ. ಮದ್ದೂರು ಕಡೆ ಹೋಗೋದಿದ್ದರೆ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳು ಊರೊಳಗೆ, ಮನೆ ಪಕ್ಕದ ಹುಣಸೆ ಮರದಲ್ಲೇ ಮರಿ ಮಾಡುತ್ತವೆ. ರಜೆ ಶುರುವಾದ ತಕ್ಷಣ ಹೋಗಿ, ತಡ ಮಾಡಿದರೆ ಹಾರಿ ಹೋಗಿರುತ್ತವೆ.

ಮಂಡ್ಯದ ಮೇಷ್ಟ್ರು:

ತಾಯಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವನು. ಸ್ವಲ್ಪ ಉದ್ದ ಬರೀತೀನಿ, ಅಭ್ಯಾಸ ಬಿಟ್ಟಿಲ್ಲ.

ಮೊದಲು ಆ 1200ರ ಕತೆ. ಕಾಲೇಜು ಲ್ಯಾಬಿನ ದೊಡ್ಡ ಮೈಕ್ರೋಸ್ಕೋಪೇ, ಗಾಜಿಗೂ ಲೆನ್ಸಿಗೂ ನಡುವೆ ಎಣ್ಣೆ ಹಾಕಿ ನೋಡಿದರೆ, ಸಾವಿರ ಪಟ್ಟಿನ ಆಸುಪಾಸಿಗೆ ನಿಲ್ಲುತ್ತೆ. ಪ್ಲಾಸ್ಟಿಕ್ ಲೆನ್ಸು ಅದಕ್ಕಿಂತ ಮೇಲೆ ಹೋಗುತ್ತೆ ಅಂದರೆ, ಮಸುಕನ್ನೇ ದೊಡ್ಡದು ಮಾಡಿ ತೋರಿಸುತ್ತೆ ಅಂತ ಅರ್ಥ. ನಿಮ್ಮ ತಪ್ಪೇನೂ ಇಲ್ಲ.

ನಾನು ಹೇಳೋದು ಒಂದೇ ಸಾಮಾನು. ಅಕ್ಕಸಾಲಿಗರು, ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಆ ಲೆನ್ಸು. ಹತ್ತು ಪಟ್ಟಿನದು, ಗಾಜಿನದು ತಗೊಳ್ಳಿ. ನಿಮ್ಮ ಬಜೆಟ್ಟಿನ ಮುಕ್ಕಾಲು ಪಾಲು ಉಳಿಯುತ್ತೆ. ಅಶೋಕ ರಸ್ತೆ ಕಡೆ ಚಿನ್ನದ ಕೆಲಸದವರನ್ನ ಕೇಳಿದರೆ ಎಲ್ಲಿ ಸಿಗುತ್ತೆ ಅಂತ ಹೇಳುತ್ತಾರೆ. ಅಂಗೈ ಅಗಲದ ಬೂತಗನ್ನಡಿ ನೋಡೋಕೆ ಚೆಂದ, ಆದರೆ ಅದು ಎರಡು ಮೂರು ಪಟ್ಟು ತೋರಿಸಿದರೆ ಹೆಚ್ಚು.

ಹಿಡಿಯೋ ರೀತಿ ಮಾತ್ರ ಹೇಳಿಕೊಡಿ. ಎಲ್ಲಾ ಮಕ್ಕಳೂ ಲೆನ್ಸನ್ನ ದೂರ ಹಿಡಿದು ಪತ್ತೇದಾರರ ಥರ ಬಗ್ಗುತ್ತವೆ. ಹಾಗಲ್ಲ. ಲೆನ್ಸು ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು. ಆಮೇಲೆ ಎಲೆಯನ್ನ ಮೆಲ್ಲಗೆ ಲೆನ್ಸಿನ ಹತ್ತಿರ ತರಬೇಕು. ಸುಮಾರು ಒಂದು ಇಂಚು ಇದೆ ಅನ್ನುವಾಗ ಗಕ್ಕನೆ ಎಲ್ಲಾ ಸ್ಪಷ್ಟ ಆಗುತ್ತೆ. ಆ "ಅಯ್ಯೋ" ಅನ್ನೋ ಸದ್ದು ಕೇಳೋಕೇ ನಾನು ಅಷ್ಟು ವರ್ಷ ಪಾಠ ಮಾಡಿದ್ದು.

ಈಗ ನಿಮ್ಮ ತಾಯಿಯವರ ಕರಿಬೇವಿಗೆ ಬರೋಣ. ಬಂಗಾರದಂಥ ಗಿಡ ಅದು, ಔಷಧಿ ಹೊಡೆಯಬೇಡಿ ಅನ್ನಿ. ಎಳೆ ಎಲೆಯ ಮೇಲೆ ಗಸಗಸೆಗಿಂತ ತುಸು ದಪ್ಪಗೆ, ತಿಳಿ ಹಳದಿ ಬಣ್ಣದ ಗುಂಡು ಮೊಟ್ಟೆ ಇರುತ್ತೆ, ಒಂದೊಂದೇ. ನಿಂಬೆ ಗಿಡಕ್ಕೆ ಬರುವ ಚಿಟ್ಟೆಯದೇ. ಮೂರು ನಾಲ್ಕು ದಿನಕ್ಕೆ ಮರಿಹುಳ ಬರುತ್ತೆ. ನೋಡಿದರೆ ಹುಳ ಅನ್ನಿಸಲ್ಲ, ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು, ಮಧ್ಯೆ ಬಿಳಿ. ಅದರ ಉಪಾಯವೇ ಅದು. ಹಿಕ್ಕೆಯನ್ನ ಯಾವ ಹಕ್ಕಿ ತಿನ್ನುತ್ತೆ ಹೇಳಿ? ದೊಡ್ಡದಾದ ಮೇಲೆ ಹಚ್ಚಗೆ ಎಲೆ ಬಣ್ಣಕ್ಕೆ ತಿರುಗುತ್ತೆ. ಆಗ ಕಡ್ಡಿಯಲ್ಲಿ ಮೆಲ್ಲಗೆ ಬೆನ್ನು ಮುಟ್ಟಲಿ. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಚಕ್ಕನೆ ಹೊರಗೆ ಬರುತ್ತೆ, ಜೊತೆಗೆ ಗಬ್ಬು ವಾಸನೆ. ಒಂದೇ ಸಲ ಮಾಡಲಿ, ಆಟ ಮಾಡ್ಕೊಂಡು ಕೂರೋದು ಬೇಡ. ಕೊನೆಗೆ ಸೊಂಟಕ್ಕೆ ಒಂದೆಳೆ ರೇಷ್ಮೆ ಕಟ್ಟಿಕೊಂಡು ಕಡ್ಡಿಗೋ ಗೋಡೆಗೋ ಒರಗಿ ಕೋಶ ಆಗುತ್ತೆ. ಆ ಎಳೆ ನೋಡೋಕೆ ಲೆನ್ಸು ಬೇಕೇ ಬೇಕು.

ಸೂರಿನ ಕೆಳಗೆ ಮಳೆ ಬೀಳದ ಜಾಗದಲ್ಲಿ ನುಣ್ಣನೆ ಮಣ್ಣಿರುತ್ತಲ್ಲ, ಅಲ್ಲಿ ಲಾಳಿಕೆಯಂಥ ಪುಟ್ಟ ಗುಂಡಿಗಳನ್ನ ಹುಡುಕಲಿ. ಅದರ ತಳದಲ್ಲಿ ಒಂದು ಹುಳ ಹೊಂಚು ಹಾಕಿರುತ್ತೆ. ಹೆಸರು ಊರಿಗೊಂದು. ಇರುವೆ ಜಾರಿದರೆ ತಲೆಯಿಂದ ಮಣ್ಣು ಎರಚಿ ಬೀಳಿಸಿಕೊಳ್ಳುತ್ತೆ. ಹೊರಗೆ ತೆಗೆದು ಬಿಟ್ಟರೆ ಹಿಂದು ಹಿಂದಕ್ಕೇ ನಡೆಯುತ್ತೆ. ಹುಳವಾಗಿ ಇರೋ ಅಷ್ಟೂ ಕಾಲ ಅದು ಕಕ್ಕವೇ ಮಾಡಲ್ಲ, ರೆಕ್ಕೆ ಬಂದ ಮೇಲೇ. ಎಂಟು ವರ್ಷದವರಿಗೆ ಇದನ್ನ ಹೇಳಿದರೆ ಜೀವನಪೂರ್ತಿ ಮರೆಯಲ್ಲ, ನನ್ನ ಅನುಭವ.

ಇನ್ನು ಮಳೆ ಅಳೆಯೋದು. ನೆಟ್ಟಗೆ ಬದಿ ಇರುವ ಎರಡು ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಬೋರಲು ಹಾಕಿ, ಆಲಿಕೆಯ ಥರ. ತಳ ಉಬ್ಬು ತಗ್ಗು ಇರುತ್ತೆ, ಕಲ್ಲು ಹಾಕಿ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅದರಿಂದ ಮೇಲೆ ಸ್ಕೇಲು ಅಂಟಿಸಿದರೆ ಆಯಿತು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಅಜ್ಜಿ ಭರಣಿ ಮಳೆ ಅನ್ನಲಿ, ಮೊಮ್ಮಗಳು ಎಷ್ಟು ಮಿಲಿಮೀಟರ್ ಅಂತ ಕ್ಯಾಲೆಂಡರಿನಲ್ಲಿ ಬರೆಯಲಿ.

ಏಪ್ರಿಲ್ 22-23ರ ಸುಮಾರಿಗೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ ಮಧ್ಯಾಹ್ನ 12 ಗಂಟೆ 20 ನಿಮಿಷದ ಹೊತ್ತಿಗೆ ನೋಡಲಿ. ನಮ್ಮ ಕಡೆ ಆಗ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಕೋಲಿಗೆ ನೆರಳೇ ಇರಲ್ಲ. ತಪ್ಪಿದರೆ ಆಗಸ್ಟ್ 20ರ ಸುಮಾರಿಗೆ ಇನ್ನೊಂದು ಸಲ ಬರುತ್ತೆ.

ಎಚ್ಚರಿಕೆ: ಲೆನ್ಸಿನಲ್ಲಿ ಸೂರ್ಯನನ್ನ ನೋಡಲೇಬಾರದು. ಲೆನ್ಸು ಬಿಸಿಲಲ್ಲಿ ಬಿಟ್ಟು ಬರಲೂಬಾರದು. ಒಣಗಿದ ಕಬ್ಬಿನ ಸೋಗೆಗೆ ಬೆಂಕಿ ಹತ್ತೋಕೆ ಎಷ್ಟು ಹೊತ್ತು?

ಶ್ರೀರಂಗಪಟ್ಟಣದ ಅಪ್ಪ:

ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ಆದರೆ ಆಟಿಕೆ ಅನ್ನೋದನ್ನೇ ತಳ್ಳಿ ಹಾಕಬೇಡಿ. ನನಗೆ ಇಬ್ಬರು ಗಂಡುಮಕ್ಕಳು. "ಬನ್ರೋ ಪ್ರಕೃತಿ ನೋಡೋಣ" ಅಂದರೆ ಒಬ್ಬನೂ ಏಳಲ್ಲ. ತಲೆಗೆ ಕಟ್ಟೋ ಟಾರ್ಚು ತಂದುಕೊಟ್ಟೆ ನೋಡಿ, ಇಬ್ಬರೂ ರಾತ್ರಿ ಊಟ ಬಿಟ್ಟು ಹಿತ್ತಲಲ್ಲಿ. ಮಕ್ಕಳಿಗೆ ಕೈಯಲ್ಲಿ ಏನಾದರೂ "ನನ್ನದು" ಅಂತ ಬೇಕು.

ನಮ್ಮಲ್ಲಿ ಹಿಟ್ ಆಗಿದ್ದು ಎರಡು. ಒಂದು ನನ್ನ ಹಳೇ ಬಿಳಿ ಪಂಚೆ. ರಾತ್ರಿ ಹಗ್ಗಕ್ಕೆ ಹಾಕಿ ಮುಂದೆ ಬಲ್ಬು ಕಟ್ಟಿದರೆ ಗಂಟೆಯೊಳಗೆ ಪತಂಗ, ಜೀರುಂಡೆ, ಮಿಡತೆ ಎಲ್ಲಾ ಹಾಜರು. ಅಮಾವಾಸ್ಯೆ ಹತ್ತಿರ ಇನ್ನೂ ಚೆನ್ನ. ಇನ್ನೊಂದು ಖೋಟಾ ನೋಟು ನೋಡೋಕೆ ಬಳಸೋ ನೇರಳೆ ಬೆಳಕಿನ ಟಾರ್ಚು. ಆ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತೆ ಅಂತ ಎಲ್ಲೋ ಓದಿದ್ದೆ, ನಂಬಿರಲಿಲ್ಲ. ಸೌದೆ ರಾಶಿ ಮೇಲೆ ಬಿಟ್ಟೆ. ಎರಡು ಇದ್ದವು! ರೇಡಿಯಂ ಸ್ಟಿಕ್ಕರ್ ಥರ. ನಮ್ಮ ಮನೆಯಾಕೆ ಒಂದು ವಾರ ಸೌದೆ ಮುಟ್ಟಲಿಲ್ಲ. ಇದನ್ನ ದೊಡ್ಡವರು ಜೊತೆಗಿದ್ದರೆ ಮಾತ್ರ ಮಾಡಿ, ಟಾರ್ಚನ್ನ ಕಣ್ಣಿಗೆ ಬಿಡಬಾರದು, ಕಾಲಿಗೆ ಶೂ ಇರಲಿ.

ಬಲೆ ಮಾತ್ರ ಬೇಡ ಅಕ್ಕ. ಕೈ ಮುಗಿದು ಹೇಳ್ತೀನಿ. ನನ್ನ ಚಿಕ್ಕವನು ಬಲೆ ಹಿಡಿದು ನಾಲೆ ಏರಿಯಿಂದ ಬಗ್ಗಿದ್ದ. ಸೈಕಲಲ್ಲಿ ಹೋಗ್ತಿದ್ದ ಯಾರೋ ಪುಣ್ಯಾತ್ಮರು ಅಂಗಿ ಹಿಡಿದು ಎಳೆದರು. ನೋಡೋಕೆ ನಾಲೆ ನೀರು ಮೆಲ್ಲಗೆ ಹೋಗೋ ಹಾಗೆ ಕಾಣುತ್ತೆ, ಇಳಿದರೆ ಕಾಲು ನಿಲ್ಲಲ್ಲ. ನೀರಿನ ಹುಳ ನೋಡಬೇಕು ಅಂದರೆ ದನ ಕುಡಿಯೋ ತೊಟ್ಟಿ ಸಾಕು. ಟೀ ಸೋಸೋ ಜರಡಿ, ಬಿಳಿ ತಟ್ಟೆ ಕೊಡಿ.

ಕುವೆಂಪುನಗರದ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಲೆನ್ಸು ಸಿಕ್ಕಿತು, ತಲೆ ಟಾರ್ಚು ತಗೊಂಡೆ, ಟೀ ಜರಡಿ ಅಮ್ಮನದೇ. ಬಲೆ ತರಲಿಲ್ಲ. ಉಳಿದ ದುಡ್ಡಲ್ಲಿ ರಂಗನತಿಟ್ಟು.

ಒಂದು ತಿಂಗಳಾಯಿತು. ಫೋನು ಪೂರ್ತಿ ಬಿಟ್ಟಳು ಅಂತ ಸುಳ್ಳು ಹೇಳಲ್ಲ. ರಾತ್ರಿ ಇನ್ನೂ ಬೇಕು. ಆದರೆ ಬೆಳಿಗ್ಗೆ ಎದ್ದ ತಕ್ಷಣ ಹೋಗೋದು ಕರಿಬೇವಿನ ಹತ್ತಿರ. ಐದು ಹುಳಕ್ಕೂ ಹೆಸರಿಟ್ಟಿದ್ದಾಳೆ. ನೆರಳಿಲ್ಲದ ದಿನ ಮೋಡ ಬಂತು, ಹೋಗಲಿ ಬಿಡಿ.

ಮೇಷ್ಟ್ರೇ, ಈಗ ಒಂದು ಸಮಸ್ಯೆ. ಒಂದು ಹುಳ ಗೋಡೆಗೆ ಹತ್ತಿ ಕೋಶ ಕಟ್ಟಿತು. ಎರಡು ದಿನ ಬಿಟ್ಟು ಮೆಲ್ಲಗೆ ಬಿಡಿಸಿ ಬಾಟಲಿಯಲ್ಲಿಟ್ಟು ತೆಳು ಬಟ್ಟೆ ಕಟ್ಟಿದ್ದಳು. ಹತ್ತು ದಿನ ಆದರೂ ಚಿಟ್ಟೆ ಬರಲಿಲ್ಲ. ಕೋಶ ಕಂದು ಆಯಿತು. ಇವತ್ತು ನೋಡಿದರೆ ಅದರಲ್ಲಿ ಸೂಜಿ ಚುಚ್ಚಿದಂಥ ಒಂದು ತೂತು, ಬಾಟಲಿ ತುಂಬ ಸಣ್ಣ ಸಣ್ಣ ನೊಣದಂಥವು. ಮಗಳು ಅತ್ತು ಕಣ್ಣು ಊದಿಸಿಕೊಂಡಿದ್ದಾಳೆ. ನಾವು ಏನಾದರೂ ತಪ್ಪು ಮಾಡಿದೆವಾ?

ಮಂಡ್ಯದ ಮೇಷ್ಟ್ರು:

ತಪ್ಪಿಲ್ಲ ತಾಯಿ. ಅವು ನೊಣ ಅಲ್ಲ, ಪುಟ್ಟ ಕಣಜಗಳು. ಕೋಶ ಹೊಸದಾಗಿ ಮೆತ್ತಗಿರುವಾಗ ತಾಯಿ ಕಣಜ ಬಂದು ಅದರೊಳಗೇ ಮೊಟ್ಟೆ ಇಡುತ್ತೆ. ಮರಿಗಳು ಒಳಗಿನಿಂದಲೇ ತಿಂದು ಬೆಳೆದು, ಒಂದೇ ತೂತಿನಿಂದ ಸಾಲಾಗಿ ಹೊರಗೆ ಬರುತ್ತವೆ. ಗೋಡೆ ಮೇಲೆ ಬಿಟ್ಟ ಆ ಎರಡು ದಿನದಲ್ಲಿ ಆಗಿರಬೇಕು. ಚಿಟ್ಟೆ ಬರೋದನ್ನ ಬೇಕಾದಷ್ಟು ಮಕ್ಕಳು ನೋಡಿರುತ್ತಾರೆ. ಇದನ್ನ ನನ್ನ ಕ್ಲಾಸಿನಲ್ಲಿ ಒಬ್ಬರೂ ನೋಡಿರಲಿಲ್ಲ. ಅತ್ತು ಮುಗಿದ ಮೇಲೆ ಎಷ್ಟಿವೆ ಅಂತ ಎಣಿಸೋಕೆ ಹೇಳಿ, ಆಮೇಲೆ ಬಿಟ್ಟುಬಿಡಲಿ.

ಕುವೆಂಪುನಗರದ ಅಮ್ಮ:

ಎಣಿಸಿದಳು. 61. ಎರಡು ಓಡಿಹೋದವಂತೆ, ಸೇರಿಸಿದರೆ 63. ಮಿಕ್ಕ ನಾಲ್ಕು ಹುಳಕ್ಕೆ ಸೊಳ್ಳೆ ಪರದೆ ಹೊದಿಸಬೇಕು ಅಂತ ಹಟ ಮಾಡ್ತಿದ್ದಾಳೆ. ನಮ್ಮಮ್ಮ ಬೇರೆ ಕಡೆಯಿಂದ ಕೇಳ್ತಿದ್ದಾರೆ: ಆ ಕಣಜಗಳನ್ನ ಅಲ್ಲೇ ಕರಿಬೇವಿನ ಗಿಡದ ಹತ್ತಿರ ಬಿಟ್ಟರೆ ಆಗುತ್ತಾ ಅಂತ.